ಆಲೆಮನೆಗೆ ಬಂದವರು

ಗೆಳೆಯಾ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ನಂಬರ್ ಒತ್ತಿ ಕಟ್ ಮಾಡಿದೆ. ನೀನು ವಾಪಸ್ ಮಾಡಿದಾಗ "ಸುಮ್ನೆ ಮಾಡಿದ್ದೆ, ಅಡಿಕೆ ರೇಟ್ ಏನಾಯ್ತು ಗೊತ್ತಾ?" ಅಂತ ಜಾರಿಕೊಂಡೆ. ಸಾಗರದವನು ಬೆಂಗಳೂರಿನಲ್ಲಿ ಕೂತವನ ಹತ್ತಿರ ಅಡಿಕೆ ರೇಟ್ ಕೇಳಿದರೆ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ನಿನಗೂ ಅನ್ನಿಸಿರಬೇಕು. ಬರೆದರೆ ಪೂರ್ತಿ ಹೇಳಿ ಮುಗಿಸಬಹುದು, ಮಧ್ಯ ಬಾಯಿ ಹಾಕೋಕೆ ನೀನಿರಲ್ಲ. ಅದಕ್ಕೇ ಈ ಪತ್ರ.

ಫೆಬ್ರವರಿಯಲ್ಲಿ ನಮ್ಮಲ್ಲಿ ಆಲೆಮನೆ ಇತ್ತು. ಈಗ ಕೋಣ ಇಲ್ಲ, ಗಾಣಕ್ಕೆ ಡೀಸೆಲ್ ಎಂಜಿನ್. ಆದರೂ ಕಬ್ಬಿನ ಹಾಲು ಅಂದರೆ ನೆಂಟರು ಬಿಡುತ್ತಾರಾ? ಮೂರು ಕಾರು, ಒಂದು ಜೀಪು, ಹದಿನೆಂಟು ಜನ. ಹಾಲು ಕುಡಿದರು, ಮಂಡಕ್ಕಿ ತಿಂದರು, ಕೊಪ್ಪರಿಗೆ ಇಳಿಸುವ ಹೊತ್ತಿಗೆ ಬಾಳೆಲೆ ಚೂರು ಹಿಡಿದು ನೊರೆಬೆಲ್ಲಕ್ಕೆ ಸುತ್ತ ನಿಂತರು. ಆಲೆಮನೆಗೆ ಬಂದವರ ಕೈ ಹೇಗಿರುತ್ತೆ ಅಂತ ನಿನಗೇನು ಹೇಳಬೇಕಾಗಿಲ್ಲ. ಎರಡು ಸಲ ತೊಳೆದರೂ ಬೆರಳಿಗೆ ಬೆರಳು ಅಂಟುತ್ತೆ. ಬಾಗಿಲ ಚಿಲಕ, ನೀರಿನ ಚೊಂಬು, ಮೊಬೈಲು, ಎಲ್ಲಕ್ಕೂ ಬೆಲ್ಲ.

ಸಂಜೆ ಆ ಕೈಗಳೆಲ್ಲ ಮನೆಗೆ ಬಂದವು. ಹಾಡಿನ ಪ್ಲೇಟು ತಿರುಗಿಸುವ ನನ್ನ ಟರ್ನ್‌ಟೇಬಲ್ ಇರುವುದು ನಡುಮನೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ.

ಅಪ್ಪ ಈ ವಿಷಯದಲ್ಲಿ ಬುದ್ಧಿವಂತರು. ಭದ್ರಾವತಿ ಆಕಾಶವಾಣಿ ಶುರುವಾದದ್ದು 1965ರಲ್ಲಿ. ಅದಾಗಿ ಎರಡು ಮೂರು ವರ್ಷಕ್ಕೆ ಅವರು ರೇಡಿಯೋ ತಂದರು. ರೇಡಿಯೋ ಜೊತೆಗೇ ಆಚಾರಿ ಹತ್ತಿರ ಅದಕ್ಕೊಂದು ಕಪಾಟನ್ನೂ ಮಾಡಿಸಿದರು. ಬೀಗದ ಕೈ ಜನಿವಾರದಲ್ಲಿ. ಭದ್ರಾವತಿ ಸಿಗುವ ಜಾಗಕ್ಕೆ ಗಾಜಿನ ಮೇಲೆ ಕುಂಕುಮದ ಬೊಟ್ಟು. ವಾರ್ತೆ ಹೊತ್ತಿಗೆ ಕಪಾಟು ತೆಗೆಯುವುದು, ಕೇಳುವುದು, ಮುಚ್ಚುವುದು. ನಾವಿಬ್ಬರೂ ಎಷ್ಟು ನಗಾಡಿದ್ದೇವೆ ಅದಕ್ಕೆ! ನಾನು ಟರ್ನ್‌ಟೇಬಲ್ ತಂದಾಗ ಅವರು ಕೇಳಿದ್ದು ಒಂದೇ ಮಾತು: "ಇದಕ್ಕೆ ಬಾಗಿಲೆಲ್ಲಿ?" ಹಾಡಿಗೆ ಬೀಗ ಹಾಕುವವನು ನಾನಲ್ಲ ಅಂತ ದೊಡ್ಡದಾಗಿ ಹೇಳಿದ್ದೆ. ಅಹಂಕಾರ.

ಆ ಸಂಜೆ ಮೊದಲು ಮುಟ್ಟಿದ್ದು ನನ್ನ ಹೆಂಡತಿಯ ದೊಡ್ಡಪ್ಪ. ಎಂಬತ್ತೆರಡು ವರ್ಷ. ಹೆಂಡತಿಯ ಕಡೆಯ ಹಿರಿಯರು ಅಂದಮೇಲೆ ನಾನು ಬಾಯಿ ಬಿಡುವ ಪ್ರಶ್ನೆಯೇ ಇಲ್ಲ. ಏನೂ ಗೊತ್ತಿಲ್ಲದವರು ನಮ್ಮ ಸಾಮಾನು ಮುಟ್ಟಲ್ಲ ಮಾರಾಯಾ, ದೂರ ನಿಂತು ನೋಡಿ ಹೋಗ್ತಾರೆ. ಹೆದರಬೇಕಾದ್ದು ಒಂದು ಕಾಲದಲ್ಲಿ ಗೊತ್ತಿದ್ದವರಿಗೆ. ದೊಡ್ಡಪ್ಪನ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನ್ ಇತ್ತಂತೆ. "ನಾನು ಚಡ್ಡಿ ಹಾಕುವಾಗಿಂದ ಪ್ಲೇಟು ಹಾಕಿದವನು" ಅನ್ನುತ್ತಾ ಬಂದರು.

ಆ ಗ್ರಾಮಫೋನಿನ ಲೆಕ್ಕವೇ ಬೇರೆ. ಅದರಲ್ಲಿ ಮುಳ್ಳು ಹಿಡಿದ ತಲೆಯ ಭಾರವೇ ನೂರು ಗ್ರಾಂಗಿಂತ ಜಾಸ್ತಿ. ಉಕ್ಕಿನ ಮುಳ್ಳು, ಒಂದು ಮಗ್ಗುಲು ಹಾಡಿದರೆ ಅದರ ಕತೆ ಮುಗಿಯಿತು, ಬಿಸಾಡಿ ಹೊಸದು ಹಾಕುವುದು. ಅರಗಿನ ಪ್ಲೇಟು, ಕಲ್ಲಿನ ಹಾಗೆ ಗಟ್ಟಿ. ನನ್ನದರಲ್ಲಿ ಇರುವುದು ಆಡಿಯೋ ಟೆಕ್ನಿಕಾದ ಹಸಿರು ಮುಳ್ಳು. ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ವಜ್ರ, ಅದನ್ನು ಹಿಡಿದಿರುವುದು ತೀರಾ ಸಣ್ಣ ಅಲ್ಯುಮಿನಿಯಂ ಕಡ್ಡಿ. ಮುಳ್ಳು ಹೊತ್ತ ತೋಳಿನ ಹಿಂದಿನ ಗುಂಡು ತಿರುಗಿಸಿ ತಿರುಗಿಸಿ, ಪ್ಲೇಟಿನ ಮೇಲೆ ಸರಿಯಾಗಿ ಎರಡು ಗ್ರಾಂ ಬೀಳುವ ಹಾಗೆ ಇಟ್ಟಿದ್ದೆ. ಎರಡು ಗ್ರಾಂ ಅಂದರೆ ಒಂದು ಸಣ್ಣ ಹೋಳು ಅಡಿಕೆ.

ದೊಡ್ಡಪ್ಪ ಪ್ಲೇಟು ಹಾಕಿದರು. ಎತ್ತಿ ಇಳಿಸೋಕೆ ಪಕ್ಕದಲ್ಲೇ ಹಿಡಿ ಇದೆ, ಅದು ಅವರ ಲೆಕ್ಕಕ್ಕಿಲ್ಲ. ತೋಳನ್ನು ಎರಡು ಬೆರಳಲ್ಲಿ ಹಿಡಿದು ಟಕ್ ಅಂತ ಬಿಟ್ಟರು. ನನ್ನ ಜೀವ ಹೋಯಿತು, ಆದರೆ ಮುಳ್ಳಿಗೆ ಏನೂ ಆಗಲಿಲ್ಲ. ಸದ್ದೂ ಬರಲಿಲ್ಲ.

ಯಾಕೆ ಬರಲಿಲ್ಲ ಗೊತ್ತಾ? ಷಡ್ಡಕನ ಮಗ ಮಧ್ಯಾಹ್ನ ತನ್ನ ಮೊಬೈಲ್ ಸಿಕ್ಕಿಸೋಕೆ ಆಂಪ್ಲಿಫೈಯರಿನ ಗುಂಡಿಯನ್ನು ಫೋನೋದಿಂದ, ಅಂದರೆ ಪ್ಲೇಟಿನ ದಾರಿಯಿಂದ, ಆಕ್ಸ್‌ಗೆ, ಅಂದರೆ ಹೊರಗಿನ ತಂತಿಯ ದಾರಿಗೆ, ತಿರುಗಿಸಿದ್ದ. ತಂತಿ ಕಿತ್ತುಕೊಂಡು ಹೋದವನು ಗುಂಡಿ ವಾಪಸ್ ತಿರುಗಿಸಲಿಲ್ಲ. ಅದು ನನಗೆ ಹೊಳೆಯುವ ಮೊದಲೇ ಒಬ್ಬರು ಬಾವ "ಸೌಂಡ್ ಕಮ್ಮಿ ಇದೆ" ಅಂತ ವಾಲ್ಯೂಮನ್ನು ಕೊನೆವರೆಗೆ ತಿರುಗಿಸಿದರು. ದೊಡ್ಡಪ್ಪನಿಗೆ ಮಾತ್ರ ಮುಳ್ಳು ಪ್ಲೇಟಿಗೆ ತಾಗುತ್ತಿಲ್ಲ ಅಂತ ಅನುಮಾನ. "ಭಾರ ಸಾಲದು ಇದಕ್ಕೆ" ಅಂದು ತೋರುಬೆರಳಿನಿಂದ ಮೇಲಿಂದ ಒತ್ತಿದರು. ಗಟ್ಟಿಯಾಗಿ, ದೋಸೆ ಹಂಚಿಗೆ ಎಣ್ಣೆ ಒರೆಸುವ ಹಾಗೆ. ಅಷ್ಟೊತ್ತಿಗೆ ಹುಡುಗ ಓಡಿಬಂದ. "ಓ ಸಾರಿ ಅಂಕಲ್, ಆಕ್ಸ್‌ನಲ್ಲಿದೆ!" ಅಂತ ಗುಂಡಿಯನ್ನು ಫೋನೋಗೆ ತಿರುಗಿಸಿಯೇ ಬಿಟ್ಟ.

ವಾಲ್ಯೂಮ್ ಪೂರ್ತಿ. ಮುಳ್ಳು ದೊಡ್ಡಪ್ಪನ ಬೆರಳಡಿ. ಆ ಸದ್ದನ್ನು ಹೇಗೆ ಬರೆಯಲಿ? ಒಣಗಿದ ಹಲಸಿನ ಮರ ಮನೆ ಮೇಲೆ ಬಿದ್ದ ಹಾಗೆ. ಬೆಕ್ಕು ಅಟ್ಟ ಹತ್ತಿ ಕೂತಿದ್ದು ಮಾರನೇ ದಿನ ಮಧ್ಯಾಹ್ನ ಇಳಿಯಿತು. ದೊಡ್ಡಪ್ಪ ಮಾತ್ರ ಖುಷಿಯಾಗಿ "ಬಂತಲ್ಲ ಸೌಂಡು!" ಅಂದರು.

ತೋಳು ಎತ್ತಿ ಟಾರ್ಚ್ ಹಾಕಿ ನೋಡಿದೆ. ಕಡ್ಡಿ ಒಂದು ಪಕ್ಕಕ್ಕೆ ಮಡಚಿ ನಿಂತಿತ್ತು, ತುದಿಯಲ್ಲಿ ವಜ್ರ ಇಲ್ಲ. ನೆಲವೆಲ್ಲ ಹುಡುಕಿದೆ, ಸಿಕ್ಕರೂ ಏನೂ ಮಾಡೋಕಾಗಲ್ಲ ಅಂತ ಗೊತ್ತಿದ್ದೂ. ಎಲ್ಲರೂ ಸುತ್ತ ನಿಂತು ಏನು ಹುಡುಕುತ್ತಿದ್ದೀಯ ಅಂತ ಕೇಳಿದರು. "ಏನಿಲ್ಲ, ಊಟಕ್ಕೆ ಏಳಿ" ಅಂದೆ. ಮತ್ತೆ ಏನು ಹೇಳಲಿ? ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಟ್ಟ ಬಾಯಲ್ಲಿ "ನೀವು ಮುರಿದಿರಿ" ಅನ್ನೋಕಾಗುತ್ತಾ? ಸಿಟ್ಟೆಲ್ಲ ಆಮೇಲೆ ಹೆಂಡತಿಯ ಮೇಲೆ ಬಿತ್ತು. ಅವಳು ಶಾಂತವಾಗಿ "ಮಾವ ಬಾಗಿಲು ಮಾಡಿಸು ಅಂದಿದ್ದರು" ಅಂದಳು.

ಸ್ಪೀಕರಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೋನ್ ಹರಿಯಲಿಲ್ಲ, ಪುಣ್ಯ. ಎಡಗಡೆ ಟ್ವೀಟರಿನ, ಅಂದರೆ ಕೀಚಲು ಸದ್ದು ಹಾಡುವ ಸಣ್ಣ ಸ್ಪೀಕರಿನ, ಬುಗ್ಗೆಯನ್ನು ಯಾವುದೋ ಮಗು ಬೆರಳಲ್ಲಿ ಒಳಗೆ ಒತ್ತಿ ಬಿಟ್ಟಿತ್ತು. ಸೆಲ್ಲೋಟೇಪ್ ಅಂಟಿಸಿ ಮೆಲ್ಲಗೆ ಎಳೆದೆ, ಹೊರಗೆ ಬಂತು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಆ ಬುಗ್ಗೆ ನೋಡಿದರೆ ನನಗೇ ಒತ್ತಬೇಕು ಅನ್ನಿಸುತ್ತೆ.

ಈಗ ನಿನ್ನ ಭಾಗ.

ದೊಡ್ಡಪ್ಪ ಹಾಕಿದ ಪ್ಲೇಟು ನಿನ್ನದು. ಮಲ್ಲಿಕಾರ್ಜುನ ಮನಸೂರರದ್ದು. 1988ರಲ್ಲಿ ನೀನು ಧಾರವಾಡದಲ್ಲಿ ಓದುವಾಗ ತಂದು, ನಡುವಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ಹೆಸರು ಬರೆದು, ಒಂದು ವಾರಕ್ಕೆ ಅಂತ ನನಗೆ ಕೊಟ್ಟಿದ್ದೆಯಲ್ಲ, ಅದೇ. ವಾರ ಇನ್ನೂ ಮುಗಿದಿಲ್ಲ. ಇಷ್ಟು ವರ್ಷ ನಾನು ಅದನ್ನು ನೋಡಿಕೊಂಡ ರೀತಿ ನಿನಗೆ ಗೊತ್ತು. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಪ್ಲೇಟಿನ ಪಾಡೇನು! ಜೂನ್ ಬಂತು ಅಂದರೆ ಕಪಾಟಿನೊಳಗೆ ಹದಿನೈದು ವ್ಯಾಟ್ ಬಲ್ಬು ಉರಿಸಿಟ್ಟು ಕಾಪಾಡಿದ್ದೇನೆ.

ಮುಳ್ಳು ಕೊರೆದಿದ್ದಕ್ಕೆ ಒಂದು ಗೀರು ಬಿದ್ದಿತ್ತು, ಅದು ಹೋಗಲಿ. ದೊಡ್ಡಪ್ಪನ ಹೆಬ್ಬೆರಳು ಪ್ಲೇಟಿನ ಮೇಲೆ ಅಚ್ಚಾಗಿತ್ತು. ಬೆಲ್ಲದಲ್ಲಿ, ಗೆರೆ ಗೆರೆ ಸಮೇತ. ನೋಂದಣಿ ಕಚೇರಿಯಲ್ಲಿ ಒತ್ತಿದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಬೆಳಿಗ್ಗೆ ತಣ್ಣೀರಲ್ಲಿ ಮೆತ್ತಗೆ ಒರೆಸೋಣ ಅಂತ ಮೇಜಿನ ಮೇಲೆ ಇಟ್ಟು ಮಲಗಿದೆ. ನಾನು ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬರುವಷ್ಟರಲ್ಲಿ ಚಿಕ್ಕತ್ತೆ ಎದ್ದಿದ್ದರು.

ಚಿಕ್ಕತ್ತೆಯಂಥ ಒಳ್ಳೆಯ ಹೆಂಗಸು ಮತ್ತೊಬ್ಬರಿಲ್ಲ. ಯಾರ ಮನೆಗೆ ಹೋದರೂ ಸುಮ್ಮನೆ ಕೂರಲ್ಲ, ಏನಾದರೂ ತೊಳೆಯುತ್ತಾರೆ. ಬೆಲ್ಲ ಹತ್ತಿದ ಪಾತ್ರೆಗೆ ಬಿಸಿನೀರೇ ಆಗಬೇಕು ಅಲ್ವಾ? ಬಚ್ಚಲ ಹಂಡೆಯಿಂದ ಹಬೆಯಾಡುವ ನೀರು ತೋಡಿ, ಹತ್ತಿ ಸೀರೆ ತುಂಡಲ್ಲಿ ಎರಡೂ ಮಗ್ಗುಲು ಉಜ್ಜಿ, ಅಂಗಳದಲ್ಲಿ ಅಡಿಕೆ ಜೊತೆ ಬಿಸಿಲಿಗೆ ಇಟ್ಟಿದ್ದರು. ನಾನು ಬಂದಾಗ ಅಡಿಕೆ ಕೈಯಾಡಿಸುತ್ತಿದ್ದರು. ನಿನ್ನ ಪ್ಲೇಟನ್ನೂ ಒಮ್ಮೆ ಮಗುಚಿ ಹಾಕಿದರು, ಇನ್ನೊಂದು ಕಡೆ ಒಣಗಲಿ ಅಂತ.

ಈ ಪ್ಲೇಟು ಪಿವಿಸಿ ಕಣೋ. ನಮ್ಮ ತೋಟದ ನೀರಿನ ಪೈಪಿನ ಜಾತಿಯದೇ. ಪೈಪ್ ಜೋಡಿಸುವಾಗ ತೆಂಗಿನ ಗರಿಗೆ ಬೆಂಕಿ ಹಚ್ಚಿ ತೋರಿಸಿದರೆ ಬಾಯಿ ಅಗಲವಾಗುತ್ತಲ್ಲ, ಅಷ್ಟೇ ಮೆದು ಅದರ ಮನಸ್ಸು. ಹಂಡೆ ನೀರು, ಮೇಲೆ ಬಿಸಿಲು. ಅಂಚು ಮೂರು ಕಡೆ ಎದ್ದು, ನಡುವೆ ತಗ್ಗಿ, ಸುಟ್ಟ ಹಪ್ಪಳದ ಹಾಗಿತ್ತು. ಇಂಥ ಎಲ್ಪಿ ಪ್ಲೇಟಿನ ಒಂದು ಮಗ್ಗುಲಿನ ಗೆರೆಯನ್ನು ಬಿಡಿಸಿ ಎಳೆದರೆ ಅರ್ಧ ಕಿಲೋಮೀಟರ್ ಹತ್ತಿರ ಬರುತ್ತೆ, ನಮ್ಮ ಮನೆಯಿಂದ ಕೆರೆ ಏರಿವರೆಗೆ ಅನ್ನು. ಆ ದಾರಿಯಲ್ಲಿ ಈಗ ಸುತ್ತಿಗೆ ಮೂರು ಘಾಟಿ. ನಿಮಿಷಕ್ಕೆ ಮೂವತ್ತಮೂರು ಸುತ್ತು. ಹೊಸ ಮುಳ್ಳು ಬಂದರೂ ಅದು ನಡೆಯಲ್ಲ, ಹಾರುತ್ತೆ.

ಸುಮ್ಮನೆ ಬಿಡಲಿಲ್ಲ. ಎರಡು ಗಾಜಿನ ಹಲಗೆ ನಡುವೆ ಇಟ್ಟು, ಮೇಲೆ ಇಪ್ಪತ್ತು ವರ್ಷದ ಪಂಚಾಂಗದ ಕಟ್ಟು ಹೇರಿದೆ. ಹದಿನೈದು ದಿನ ಬಿಟ್ಟು ತೆಗೆದೆ. ಹಪ್ಪಳ ಹೋಗಿ ಚಪಾತಿ ಆಗಿದೆ. ಚೀಟಿಯ ಮೇಲಿನ ನಿನ್ನ ಹೆಸರು ಹಂಡೆ ನೀರಿಗೆ ಪೂರ್ತಿ ತೊಳೆದು ಹೋಗಿದೆ. ಹಾಗಾಗಿ ಅದು ನಿನ್ನದು ಅನ್ನೋಕೆ ನಿನ್ನ ಹತ್ತಿರ ಈಗ ಯಾವ ದಾಖಲೆಯೂ ಇಲ್ಲ.

ಬೈಯುವ ಮೊದಲು ಇನ್ನೊಂದು ವಿಷಯ ಕೇಳು. ಇದನ್ನು ಇಷ್ಟು ವರ್ಷ ಹೇಳಿರಲಿಲ್ಲ. 1994ರಲ್ಲಿ ನಮ್ಮ ಮನೆ ಅಡಿಕೆ ಸುಲಿಯುವ ರಾತ್ರಿ, ಸುಲಿಯುವವರಿಗೆಲ್ಲ ಕೇಳಲಿ ಅಂತ ನೀನು ಸ್ಪೀಕರ್ ಕಿಟಕಿಗೆ ತಿರುಗಿಸಿ ವಾಲ್ಯೂಮ್ ಪೂರ್ತಿ ಕೊಟ್ಟಿದ್ದೆ, ನೆನಪಿದೆಯಾ? ಹದಿನೈದು ವ್ಯಾಟಿನ ಬಡ ಆಂಪ್ಲಿಫೈಯರ್ ಅದು. ಶಕ್ತಿ ಮೀರಿ ಕೂಗಿಸಿದರೆ ಅದು ಹಾಡಿನ ಅಲೆಗಳ ತಲೆ ಕತ್ತರಿಸಿ ಕಳಿಸುತ್ತೆ. ಕತ್ತರಿಸಿದ ಆ ಕರ್ಕಶವೆಲ್ಲ ಹೋಗಿ ಬೀಳುವುದು ಟ್ವೀಟರ್ ಮೇಲೆ. ಅದರೊಳಗಿನ ತಂತಿ ಬಿಸಿಯಾಗಿ ಸುಟ್ಟು ಹೋಯಿತು. ನೀನು ಮಾರನೇ ದಿನ ಬಸ್ ಹತ್ತಿದೆ. ನಾನು ಅಪ್ಪನಿಗೆ ಗೊತ್ತಾಗದ ಹಾಗೆ ಎರಡು ಚೀಲ ಗೋಟಡಿಕೆ ಮಾರಿ ಶಿವಮೊಗ್ಗದಲ್ಲಿ ಹೊಸದು ಹಾಕಿಸಿದೆ. ನೀನೂ ಆ ರಾತ್ರಿ ನೆಂಟನೇ. ನಿನಗೂ ಏನೂ ಅನ್ನಲಿಲ್ಲ. ಗೋಟಿನ ದುಡ್ಡು ಒಂದು ಕಡೆ, ಮನಸೂರರ ಪ್ಲೇಟು ಒಂದು ಕಡೆ. ತಕ್ಕಡಿ ಸಮ ಆಗಲ್ಲ ಅಂತ ನನಗೂ ಗೊತ್ತು, ಆದರೂ ಒಂದು ಮಾತು.

ಸಾಗರದಲ್ಲಿ, ಶಿವಮೊಗ್ಗದಲ್ಲಿ ಮುಳ್ಳು ಕೇಳಿ ಬಂದೆ. ಒಬ್ಬ ಹುಡುಗ ಹೊಲಿಗೆ ಮಷೀನಿನ ಅಂಗಡಿ ತೋರಿಸಿದ. ಇನ್ನೊಬ್ಬ ಬ್ಲೂಟೂತ್ ಸ್ಪೀಕರ್ ಕೈಗೆ ಕೊಟ್ಟು "ಸರ್, ಇದನ್ನು ಯಾರೂ ಮುರಿಯೋಕಾಗಲ್ಲ, ನೀರಿಗೆ ಬಿದ್ದರೂ ಹಾಡುತ್ತೆ" ಅಂದ. ಒಂದು ಕ್ಷಣ ಮನಸ್ಸಾಯಿತು, ಸುಳ್ಳು ಹೇಳಲ್ಲ. ನೀನು ಎಸ್.ಪಿ. ರೋಡಿನಲ್ಲಿ ಒಮ್ಮೆ ವಿಚಾರಿಸು. ಎಟಿಎನ್95ಇ ಅಂತ ಕೇಳು, ಹಸಿರು ಬಣ್ಣದ್ದು.

ದೊಡ್ಡಪ್ಪನಿಗೆ ಸುದ್ದಿ ಹೇಗೋ ಮುಟ್ಟಿದೆ, ಹೆಂಡತಿ ಹೇಳಿರಬೇಕು. ಹೋದ ವಾರ ಬಸ್ಸಿನವನ ಕೈಲಿ ಒಂದು ಪೊಟ್ಟಣ ಕಳಿಸಿದ್ದರು. ಬಿಚ್ಚಿದರೆ ಬೆಂಕಿಪೆಟ್ಟಿಗೆಗಿಂತ ಸಣ್ಣ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಕೊಂಬಿನ ಚಿತ್ರ, ಅದರೆದುರಿನ ನಾಯಿಯನ್ನು ತುಕ್ಕು ತಿಂದಿದೆ, ಬಾಲ ಮಾತ್ರ ಉಳಿದಿದೆ. ಒಳಗೆ ಉಕ್ಕಿನ ಮುಳ್ಳುಗಳು. ಆಮೇಲೆ ಫೋನ್ ಮಾಡಿದರು. "ಅಟ್ಟದ ಮೇಲಿತ್ತು ಮಾರಾಯಾ, ಅಪ್ಪಯ್ಯನ ಕಾಲದ್ದು. ಡಬ್ಬಿಗೆ ಇನ್ನೂರು ಬರ್ತಿತ್ತು, ನೂರಾ ಮೂವತ್ತಾದ್ರೂ ಇರಬೇಕು. ಒಂದು ಮಗ್ಗುಲಿಗೆ ಒಂದು ಹಾಕು, ಉಳಿಸೋಕೆ ಹೋಗಬೇಡ. ಮುಗಿದರೆ ಹೇಳು, ಇನ್ನೊಂದು ಡಬ್ಬಿ ಇದೆ."

ಆಯ್ತು ದೊಡ್ಡಪ್ಪ ಅಂದೆ. ನಿನ್ನೆ ರಾತ್ರಿ ಕೂತು ಎಣಿಸಿದೆ. ನೂರಾ ಮೂವತ್ತನಾಲ್ಕು ಇವೆ.

ಆಚಾರಿಗೆ ಹೇಳಿದ್ದೇನೆ, ಯುಗಾದಿ ಕಳೆದು ಕಪಾಟಿಗೆ ಬಾಗಿಲು ಕೂರಿಸೋಕೆ ಬರುತ್ತಾನೆ.

ನಿನ್ನ,
ಪ್ಲೇಟು ವಾಪಸ್ ಕೊಡದವನು