ಬೀಜದ ಪೊಟ್ಟಣ ಆಮೇಲೆ, ಮೊದಲು ಜಾಲರಿ

ಮಾನ್ಯ ಸಂಪಾದಕರೇ,

ಭರಣಿ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಮೈಸೂರು, ಮಂಡ್ಯದ ನರ್ಸರಿಗಳಿಗೆ ಜನ ನುಗ್ಗುತ್ತಾರೆ. ಟೊಮೆಟೊ ಸಸಿ, ಬದನೆ ಸಸಿ, ಬೆಂಡೆ, ಹೀರೆ ಬೀಜದ ಪೊಟ್ಟಣ ಎಲ್ಲವೂ ಮನೆಗೆ ಬರುತ್ತವೆ. ಆಗಸ್ಟ್ ಹೊತ್ತಿಗೆ ಅರ್ಧ ಮಡಿ ಹೆಗ್ಗಣದ ಪಾಲು, ಮಿಕ್ಕಿದ್ದು ನವಿಲಿನದೋ ಬಸವನಹುಳುವಿನದೋ. ‘ನಮ್ಮ ಮಣ್ಣೇ ಸರಿಯಿಲ್ಲ’ ಎಂದು ಕೈಬಿಡುತ್ತಾರೆ. ಪಾಪ, ಮಣ್ಣಿನ ತಪ್ಪು ಅದರಲ್ಲಿ ಬಹಳ ಕಡಿಮೆ. ಕೆಲಸದ ಸರದಿ ತಿರುಗುಮುರುಗಾಗಿರುತ್ತದೆ. ನಮ್ಮ ಸೀಮೆಯಲ್ಲಿ ಕೈತೋಟಕ್ಕೆಂದು ಎತ್ತಿಟ್ಟ ದುಡ್ಡಿನ ಮೊದಲ ಪಾಲು ಜಾಲರಿಗೆ, ಎರಡನೆಯದು ಮಡಿ ಎತ್ತರಿಸುವುದಕ್ಕೆ ಹೋಗಬೇಕು. ಬೀಜದ ಖರ್ಚು ಕಡೆಯದು, ಅದೂ ಚಿಲ್ಲರೆ ಲೆಕ್ಕ. ಕೈತೋಟದ ಬಗ್ಗೆ ಅಚ್ಚಾಗುವ ಲೇಖನಗಳು ಸಾಮಾನ್ಯವಾಗಿ ಬೀಜದಿಂದ ಶುರುವಾಗಿ ಗೊಬ್ಬರದಲ್ಲಿ ಮುಗಿಯುವುದರಿಂದ ಈ ಪತ್ರ.

ಮೊದಲು ಜಾಗದ ಮಾತು. ಮೇ ತಿಂಗಳ ಬಿಸಿಲು ನೋಡಿ ಜಾಗ ಆರಿಸಿದವರು ಡಿಸೆಂಬರ್‌ನಲ್ಲಿ ಮೋಸಹೋಗುತ್ತಾರೆ. ಮೈಸೂರು ಇರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 20ರ ಆಸುಪಾಸಿನಿಂದ ಆಗಸ್ಟ್ 20ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಆ ನಾಲ್ಕು ತಿಂಗಳು ಮನೆಯ ಉತ್ತರದ ಓಣಿಗೂ ಒಳ್ಳೆಯ ಬಿಸಿಲು. ಡಿಸೆಂಬರ್ ಕೊನೆಗೆ 20 ಅಡಿ ಎತ್ತರದ ಗೋಡೆಯ ನೆರಳು ನಡುಮಧ್ಯಾಹ್ನದಲ್ಲೂ 14 ಅಡಿ ಉತ್ತರಕ್ಕೆ ಚಾಚಿರುತ್ತದೆ. 30–40ರ ನಿವೇಶನದಲ್ಲಿ ಆ ಕಡೆ ಬಿಟ್ಟಿರುವುದೇ ಮೂರ್ನಾಲ್ಕು ಅಡಿ. ಅಲ್ಲಿ ಟೊಮೆಟೊ ನೆಟ್ಟರೆ ಗಿಡ ಉದ್ದಕ್ಕೆ ಬೆಳೆದೀತು, ಕಾಯಿ ಕಟ್ಟದು. ಉತ್ತರದ ಓಣಿಯನ್ನು ಬಸಳೆ, ಕೆಸು, ಶುಂಠಿ, ದೊಡ್ಡಪತ್ರೆ, ಒಂದೆಲಗಕ್ಕೆ ಬಿಟ್ಟುಕೊಡುವುದು ಲೇಸು. ಕಾಯಿಪಲ್ಲೆಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳುವ ಪೂರ್ವ ಅಥವಾ ದಕ್ಷಿಣದ ಬದಿ ಬೇಕು. ಅದಿಲ್ಲದಿದ್ದರೆ ತಾರಸಿ. ತಾರಸಿಯಲ್ಲಿ ಮಾತ್ರ ತೂಕದ ಲೆಕ್ಕ ಮರೆಯಬಾರದು: ನೆನೆದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಬರೀ ಮಣ್ಣು ತುಂಬುವ ಬದಲು ಮಣ್ಣು, ತೆಂಗಿನ ನಾರಿನ ಪುಡಿ, ಗೊಬ್ಬರವನ್ನು ಸಮಪಾಲು ಬೆರೆಸಿ, ಚೀಲಗಳನ್ನು ತೊಲೆ, ಗೋಡೆಗಳ ನೇರಕ್ಕೆ ಇಡಬೇಕು.

ಇನ್ನು ಮಳೆ. ಮಲೆನಾಡಿನ ಜುಲೈ ಮಳೆ ನಮ್ಮದಲ್ಲ. ವರ್ಷಕ್ಕೆ ಬೀಳುವ 700–800 ಮಿಲಿಮೀಟರ್‌ನಲ್ಲಿ ಮೇ ತಿಂಗಳ ಗುಡುಗು ಮಳೆಯದು ಒಂದು ಜೋರಾದರೆ ಸೆಪ್ಟೆಂಬರ್–ಅಕ್ಟೋಬರ್‌ನದು ಇನ್ನೊಂದು. ನಡುವೆ ಜೂನ್, ಜುಲೈಯಲ್ಲಿ ಗಾಳಿ, ಮೋಡ, ಜಿಟಿಜಿಟಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವುದು ಹೊಲಕ್ಕೆ ಸರಿ. ಕೈತೋಟದಲ್ಲಿ ಆ ದಪ್ಪ ಹನಿಗೆ ಸೊಪ್ಪಿನ ಬೀಜ ಕೊಚ್ಚಿಹೋಗುತ್ತದೆ, ಆಲಿಕಲ್ಲು ಬಿದ್ದರೆ ಎಳೆ ಸಸಿ ಚಿಂದಿ. ಮೇ ತಿಂಗಳನ್ನು ಮಡಿ ಕಟ್ಟುವುದಕ್ಕೆ, ಜಾಲರಿ ಹೂಳುವುದಕ್ಕೆ ಇಟ್ಟುಕೊಳ್ಳಬೇಕು. ನೆಲವೂ ಆಗ ಮೆತ್ತಗಿರುತ್ತದೆ. ಬೆಂಡೆ, ಹೀರೆ, ಪಡವಲ, ಹಾಗಲದ ಬೀಜ ಮೃಗಶಿರಾ ಹೊತ್ತಿಗೆ ಅಂದರೆ ಜೂನ್ ಎರಡನೇ ವಾರಕ್ಕೆ. ಬದನೆ, ಮೆಣಸಿನ ಸಸಿ ನಾಟಿ ಜುಲೈಗೆ. ನಾಟಿ ಬದನೆಯೇ ಬೇಕೆನ್ನುವವರಿಗೆ ನಮ್ಮದೇ ಈರನಗೆರೆ ಬದನೆ ಇದೆ.

ಟೊಮೆಟೊ ವಿಷಯದಲ್ಲಿ ಅವಸರ ಬೇಡ. ಜೂನ್‌ನಲ್ಲಿ ನೆಟ್ಟ ಗಿಡ ಹಣ್ಣು ಬಿಡುತ್ತಿರುವಾಗಲೇ ಹುಬ್ಬ, ಉತ್ತರೆ, ಹಸ್ತ ಮಳೆ ಸಾಲಾಗಿ ಬಂದು ಎಲೆಗೆ ಅಂಗಮಾರಿ ಹತ್ತುತ್ತದೆ. ಒಣಗಿದ್ದ ಬೇರಿಗೆ ಒಮ್ಮೆಲೇ ನೀರು ಸಿಕ್ಕಿ ಹಣ್ಣು ಬಿರಿಯುತ್ತದೆ. ಸೆಪ್ಟೆಂಬರ್ ಕೊನೆಗೆ ಟ್ರೇನಲ್ಲಿ ಬೀಜ ಹಾಕಿ, ಸೂರಿನಡಿ ಬೆಳೆಸಿ, ಚಿತ್ತೆ ಮಳೆ ಕಳೆದ ಮೇಲೆ ಅಕ್ಟೋಬರ್ ಕೊನೆಗೆ ನೆಟ್ಟರೆ ಜನವರಿಯಿಂದ ಹಣ್ಣು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುರುಟು, ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಮೂರನ್ನೂ ಬಹುಮಟ್ಟಿಗೆ ತಡೆಯುತ್ತದೆ. ಕೋಸು, ನವಿಲುಕೋಸು, ಮೂಲಂಗಿಗೂ ಇದೇ ಕಾಲ.

ಅವರೆಗೆ ಒಂದು ಮಾತು ಹೆಚ್ಚೇ ಹೇಳಬೇಕು. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆ. ಜನವರಿಯಲ್ಲಿ ಸೊಗಡಿನ ಕಾಯಿ ಬೇಕಿದ್ದರೆ ಜುಲೈ ಒಳಗೆ ಬಿತ್ತಬೇಕು. ಫೆಬ್ರುವರಿಯಲ್ಲಿ ಬಿತ್ತಿ ‘ಬಳ್ಳಿ ಮನೆಯೆತ್ತರ ಹೋಯಿತು, ಒಂದು ಹೂವಿಲ್ಲ’ ಎಂದು ಗೊಬ್ಬರದ ಅಂಗಡಿಗೆ ಓಡಿ ಫಲವಿಲ್ಲ. ಯಾವ ಗೊಬ್ಬರವೂ ಹಗಲನ್ನು ಕುಗ್ಗಿಸದು. ಎಲ್ಲ ಕಾಲಕ್ಕೂ ಕಾಯಿ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್.ಎ. 3, ಎಚ್.ಎ. 4 ಹೆಬ್ಬಾಳ ಅವರೆ ತಳಿಗಳಿವೆ; ಸೊಗಡಿನಲ್ಲಿ ಅವು ನಾಟಿಗೆ ಸಾಟಿಯಲ್ಲ.

ಈಗ ಮಡಿ ಮತ್ತು ಜಾಲರಿ. ಒಂದು ಮಡಿಗೆ 10 ಅಡಿ ಉದ್ದ, 4 ಅಡಿ ಅಗಲ ಸಾಕು. ಎರಡೂ ಬದಿಯಿಂದ ಎರಡೆರಡು ಅಡಿ ಕೈಗೆಟಕುತ್ತದೆ, ಮಡಿ ತುಳಿಯಬೇಕಿಲ್ಲ. ನೆಲದಿಂದ 9 ಇಂಚು ಎತ್ತರ ಇರಲಿ. ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನ ಊರುಗಳಲ್ಲಿ, ನೀರು ಬಿಟ್ಟಾಗ ಹಿತ್ತಲು ಜೌಗಾಗುವ ಕಡೆ, ಒಂದು ಅಡಿ. ಒಂಬತ್ತು ಇಂಚಿಗೆ ಸುಮಾರು 40 ಬಾಂಡ್ಲಿ ಕೆಂಪುಮಣ್ಣು, 15ರಿಂದ 20 ಬಾಂಡ್ಲಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಹಿಡಿಸುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿ (ಪ್ರೆಸ್‌ಮಡ್) ಸಿಕ್ಕರೆ ಹಸಿಯದನ್ನು ಹಾಕಲೇಬಾರದು. ಮಣ್ಣಿನೊಳಗೆ ಕಾವು ಏರಿ ಬೇರು ಬೇಯುತ್ತದೆ. ಗುಡ್ಡೆ ಹಾಕಿ ನೀರು ಚಿಮುಕಿಸಿ, ಆಗಾಗ ಮಗುಚಿ, ಮುಟ್ಟಿದರೆ ತಣ್ಣಗಿದೆ ಅನ್ನಿಸಿದ ಮೇಲೆ ಬಳಸಬೇಕು. ಬೇಸಿಗೆಯಲ್ಲಿ ಈ ಅಳತೆಯ ಮಡಿಗೆ ದಿನಕ್ಕೆ ಸುಮಾರು 20 ಲೀಟರ್ ನೀರು ಬೇಕು. ಕಬ್ಬಿನ ತರಗನ್ನು ಮೂರು ಇಂಚು ಹೊದಿಸಿದರೆ ಅದರಲ್ಲೂ ಉಳಿತಾಯ. ಗೆದ್ದಲು ಏರದಂತೆ ಕಾಂಡದಿಂದ ಎರಡು ಇಂಚು ದೂರವಿರಲಿ.

ಹೆಗ್ಗಣ ನೆಲದಡಿಯಿಂದ ಬರುತ್ತದೆ. ನವಿಲು ಮೇಲಿನಿಂದ ಇಳಿಯುತ್ತದೆ. ಎರಡಕ್ಕೂ ಒಂದೇ ಬಲೆ ಆಗದು. ಕೆಳಗಿನ ಭಾಗಕ್ಕೆ ಅರ್ಧ ಇಂಚು ಕಣ್ಣಿನ, 3 ಅಡಿ ಅಗಲದ ಜಿ.ಐ. ವೆಲ್ಡ್‌ಮೆಷ್ (ಸತು ಲೇಪಿಸಿದ, ಬೆಸುಗೆ ಹಾಕಿದ ತಂತಿ ಜಾಲರಿ) 30 ಅಡಿ ತರಬೇಕು. ಮಡಿಯ ಸುತ್ತಳತೆ 28 ಅಡಿ, ಎರಡು ಅಡಿ ಜೋಡಣೆಗೆ. ಅದರ ಕೆಳ ಅಂಚಿನ 6 ಇಂಚನ್ನು ಹೊರಮುಖವಾಗಿ ಮಡಚಿ, ಇನ್ನು 6 ಇಂಚು ನೆಲದೊಳಗೆ ಇಳಿಸಿದರೆ 2 ಅಡಿ ಮೇಲೆ ಉಳಿಯುತ್ತದೆ. ಹೊರಗೆ ಮಡಚುವುದರಲ್ಲೇ ಗುಟ್ಟಿದೆ. ಹೆಗ್ಗಣ ಅಡ್ಡ ಸಿಕ್ಕ ಜಾಗದ ಬುಡದಲ್ಲೇ ಕೆರೆಯುತ್ತದೆ. ಕೆಳಗೆ ತಂತಿ ಹಲ್ಲಿಗೆ ತಾಗಿದಾಗ ಅರ್ಧ ಅಡಿ ಹಿಂದೆ ಸರಿದು ತೋಡುವ ಬುದ್ಧಿ ಓಡಿಸುವುದು ಅಪರೂಪ. ಒಳಮುಖವಾಗಿ ಮಡಚಿದರೆ ಹಾಕಿಯೂ ದಂಡ. ಅಗ್ಗವೆಂದು ತೆಳು ತಂತಿಯ ಕೋಳಿ ಜಾಲರಿ ಹೂತರೆ ತುಕ್ಕು ಹಿಡಿದು ಬೇಗ ಹರಿಯುತ್ತದೆ.

ಮೇಲಿನ ಭಾಗಕ್ಕೆ 7 ಅಡಿಯ ಆರು ಸರ್ವೆ ಗಳ. ಎರಡು ಅಡಿ ಹೂತು ಐದು ಅಡಿ ಮೇಲೆ ಬಿಟ್ಟು, ತುದಿಗೆ ಸುತ್ತ ತಂತಿ ಬಿಗಿದು, 12 ಅಡಿ ಅಗಲ, 18 ಅಡಿ ಉದ್ದದ, ಒಂದು ಇಂಚು ಕಣ್ಣಿನ ನೈಲಾನ್ ಬಲೆ ಹೊದಿಸಬೇಕು. ಗಳದ ತುದಿಗೆ ಅರ್ಧ ಕತ್ತರಿಸಿದ ನೀರಿನ ಬಾಟಲಿ ಬೋರಲು ಹಾಕಿದರೆ ಬಲೆ ಹರಿಯುವುದಿಲ್ಲ. ಬಾಗಿಲು ಬೇಡ, ಬಲೆಯ ಅಂಚನ್ನು ಜಾಲರಿಯ ಮೇಲಂಚಿಗೆ ತಂತಿ ಕೊಕ್ಕೆಯಿಂದ ಸಿಕ್ಕಿಸಿದರೆ ಎಲ್ಲಿ ಬೇಕೋ ಅಲ್ಲಿ ಎತ್ತಿ ಕೈಹಾಕಬಹುದು. ನೈಲಾನ್ ಬಲೆ ನೆಲದ ಮೇಲೆ ಸಡಿಲವಾಗಿ ಬಿದ್ದಿರಬಾರದು. ಇಲಿ ಹುಡುಕಿ ಬರುವ ಕೇರೆಹಾವು ಸಿಕ್ಕಿಕೊಂಡು ಸಾಯುತ್ತದೆ. ಹೆಗ್ಗಣ ಹಿಡಿಯುವ ಬಿಟ್ಟಿ ಕೂಲಿಯಾಳನ್ನು ನಾವೇ ಕೊಂದಂತೆ.

ಜೇನು ಒಂದು ಇಂಚಿನ ಕಣ್ಣಿನಲ್ಲಿ ಒಳಬರುತ್ತದೆ. ಹೀರೆ, ಸೋರೆ, ಪಡವಲದ ಹೂ ಅರಳುವುದೇ ಸಂಜೆಯಾದ ಮೇಲೆ. ಜೇನು ಅಷ್ಟು ಹೊತ್ತಿಗೆ ಗೂಡು ಸೇರಿರುತ್ತದೆ. ಪೀಚು ಹಳದಿಯಾಗಿ ಉದುರುತ್ತಿದ್ದರೆ ಸಂಜೆ ಏಳರ ಸುಮಾರಿಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಸವರಿ ನೋಡಬೇಕು. ಹಾಗಲ, ಕುಂಬಳಕ್ಕಾದರೆ ಬೆಳಗ್ಗೆಯೇ. ಈ ಬಳ್ಳಿಗಳನ್ನೆಲ್ಲ ಬಲೆಯ ಹೊರಗೆ ಚಪ್ಪರಕ್ಕೆ ಬಿಟ್ಟು, ಪೀಚಿಗೇ ಕಾಗದದ ಚೀಲ ಕಟ್ಟುವುದು ಸುಲಭ. ಹಣ್ಣುನೊಣವೂ ಮೊಟ್ಟೆ ಇಡಲಾಗದು. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಕೊಳ್ಳುವವರು ಅಂಗಡಿಯಲ್ಲಿ ‘ಕ್ಯೂ ಲ್ಯೂರ್’ ಎಂದೇ ಕೇಳಬೇಕು. ಮಾವಿನ ನೊಣದ ಮಿಥೈಲ್ ಯುಜಿನಾಲ್ ಕೊಟ್ಟು ಕಳಿಸುವುದುಂಟು; ಹೀರೆಕಾಯಿ ಕೆಡಿಸುವ ನೊಣ ಅದರ ಕಡೆ ತಿರುಗಿಯೂ ನೋಡದು.

ಕೋತಿಯ ಮಾತೇ ಬೇರೆ. ಚಾಮುಂಡಿ ಬೆಟ್ಟದ ತಪ್ಪಲಿನ ಬಡಾವಣೆಗಳಲ್ಲಿ, ಮೇಲುಕೋಟೆಯಲ್ಲಿ ನೈಲಾನ್ ಬಲೆ ಅದರ ಕೈಯಲ್ಲಿ ಒಂದು ನಿಮಿಷದ ಆಟ. ಅಲ್ಲಿ ಮೇಲ್ಭಾಗಕ್ಕೂ ವೆಲ್ಡ್‌ಮೆಷ್ ಹಾಕಬೇಕು. ಅಷ್ಟು ಖರ್ಚು ಬೇಡವೆಂದರೆ ಬೆಳೆಯನ್ನೇ ಬದಲಿಸಬೇಕು: ಸುವರ್ಣಗೆಡ್ಡೆ, ಕೆಸು, ಅರಿಶಿನ, ಶುಂಠಿ, ಮೆಣಸಿನಕಾಯಿ, ಹಾಗಲ. ಹಾಗಲವನ್ನು ಮುಟ್ಟುವುದೇ ಇಲ್ಲವೆಂದಲ್ಲ. ಕಿತ್ತು, ಕಚ್ಚಿ, ಎಸೆದು ಹೋಗುತ್ತದೆ, ಮತ್ತೆ ಕೈಹಾಕುವುದು ಕಡಿಮೆ. ಬೆರ್ಚಪ್ಪ, ಹಳೆ ಸಿ.ಡಿ., ಮಿಂಚುವ ರಿಬ್ಬನ್‌ಗಳ ಪ್ರಭಾವ ಒಂದು ವಾರ. ಆಮೇಲೆ ನವಿಲು ಬೆರ್ಚಪ್ಪನ ಪಕ್ಕದಲ್ಲೇ ನಿಂತು ಮೇಯುತ್ತದೆ.

ಎರಡು ಕೆಲಸ ಮಾತ್ರ ಯಾರೂ ಮಾಡಬಾರದು. ಬೇಲಿ ತಂತಿಗೆ ಮನೆಯ ಕರೆಂಟು ಕೊಡುವುದು ಅಪರಾಧ. ಮಳೆಗಾಲದ ಒದ್ದೆ ನೆಲದಲ್ಲಿ ಅದು ಮೊದಲು ಹಿಡಿಯುವುದು ಚೆಂಡು ಹುಡುಕಿ ಬಂದ ಮಕ್ಕಳನ್ನು. ಇನ್ನೊಂದು, ವಿಷ. ವಿಷ ತಿಂದ ಇಲಿಯನ್ನು ತಿಂದು ಗೂಬೆಯೂ ಬೆಕ್ಕೂ ಸಾಯುತ್ತವೆ. ನವಿಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದಕ್ಕೆ ವಿಷವಿಟ್ಟರೆ ಜೈಲು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಅದಕ್ಕೊಂದು ಧಾಮವನ್ನೇ ಮಾಡಿರುವ ಜಿಲ್ಲೆ ನಮ್ಮ ಮಂಡ್ಯ.

ಹುಳುಗಳ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಬದನೆಯ ಕುಡಿ ಬಾಗಿದ್ದರೆ ಒಳಗೆ ಕೊರೆಯುವ ಹುಳು ಇದೆಯೆಂದೇ ಅರ್ಥ. ಬಾಗಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ ಸೋಪಿನ ನೀರಿಗೆ ಹಾಕಬೇಕು, ಗೊಬ್ಬರದ ಗುಂಡಿಗೆ ಎಸೆಯಬಾರದು. ಬೇಸಿಗೆಯ ಬೆಂಡೆಯಲ್ಲಿ ಎಲೆಯ ನರ ಹಳದಿಯಾದರೆ ಅದು ಬಿಳಿನೊಣ ತಂದ ನಂಜುರೋಗ (ವೈರಸ್). ಔಷಧಿ ಇಲ್ಲ, ಗಿಡ ಕಿತ್ತು ಸುಡಬೇಕು. ಬೇವಿನ ಎಣ್ಣೆ ಲೀಟರ್ ನೀರಿಗೆ 5 ಮಿಲಿ, ಬೆರೆಯಲು ಸ್ವಲ್ಪ ಸೋಪು, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ. ಬಿಸಿಲಲ್ಲಿ ಹೊಡೆದರೆ ಎಲೆಯೇ ಸುಡುತ್ತದೆ.

ಕಡೆಗೆ, ಯಾವ ಜಾಲರಿಗೂ ಜಗ್ಗದ ಆಫ್ರಿಕನ್ ದೈತ್ಯ ಬಸವನಹುಳು. ಮಳೆ ಬಂದ ರಾತ್ರಿ ಎಂಟರ ಮೇಲೆ ಹೊರಬರುತ್ತದೆ. ಒದ್ದೆ ಗೋಣಿತಾಟಿನ ಕೆಳಗೆ ಪರಂಗಿ ಎಲೆ, ಕೋಸಿನ ಸಿಪ್ಪೆ ಇಟ್ಟರೆ ಬೆಳಗಿನ ಜಾವ ಅಲ್ಲೇ ಗುಂಪಾಗಿರುತ್ತವೆ. ಮನುಷ್ಯರಿಗೂ ಹತ್ತುವ ಪರೋಪಜೀವಿ ಅದರ ಮೈಯಲ್ಲಿರಬಹುದು, ಕೈಗವಸಿಲ್ಲದೆ ಮುಟ್ಟಬಾರದು. ಹತ್ತು ಲೀಟರ್ ಬಕೆಟ್ ನೀರಿಗೆ ಎರಡು ಕಿಲೋ ಕಲ್ಲುಪ್ಪು ಕರಗಿಸಿ ಅದರಲ್ಲಿ ಮುಳುಗಿಸಿ, ಸತ್ತ ಮೇಲೆ ಹೂಳಬೇಕು. ಆ ನೀರನ್ನು ಮಡಿಗೆ ಚೆಲ್ಲುವುದಾಗಲಿ ಮಡಿಗೇ ಉಪ್ಪು ಎರಚುವುದಾಗಲಿ ಮಾಡಿದರೆ ಹುಳುವಿನ ಜೊತೆ ಮಣ್ಣೂ ಸತ್ತಂತೆ. ಅಗೆಯುವಾಗ ಸಬ್ಬಕ್ಕಿಯಂಥ ಮೊಟ್ಟೆಗಳ ಗೊಂಚಲು ಸಿಕ್ಕರೆ ಅವನ್ನೂ ಅದೇ ಬಕೆಟ್ಟಿಗೆ.

ಒಂದೇ ಮನೆಯವರು ಹುಳು ಹೆಕ್ಕಿ ಮುಗಿಯುವುದಿಲ್ಲ, ಯಾಕೆಂದರೆ ಅದರ ತವರು ಪಕ್ಕದ ಖಾಲಿ ನಿವೇಶನ. ಪಾರ್ಥೇನಿಯಂ ಆಳೆತ್ತರ ಬೆಳೆದು, ಒಡೆದ ಇಟ್ಟಿಗೆ, ಕಾಂಕ್ರೀಟ್ ಚೂರು ಸುರಿದ ನಿವೇಶನಗಳು ಪ್ರತಿ ಬಡಾವಣೆಯಲ್ಲೂ ಇವೆ. ಹೆಗ್ಗಣದ ಬಿಲವೂ ಅಲ್ಲೇ. ನಗರಸಭೆ, ಪಾಲಿಕೆಗಳು ಇವನ್ನು ಸ್ವಚ್ಛ ಮಾಡಿಸುವುದಾದರೆ, ಅಥವಾ ಮಾಲೀಕರಿಗೆ ನೋಟಿಸ್ ಕೊಡುವುದಾದರೆ, ಏಪ್ರಿಲ್ ಮುಗಿಯುವುದರೊಳಗೆ ಮಾಡಲಿ. ಬೇಸಿಗೆಯಲ್ಲಿ ಈ ಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕಲ್ಲು, ಇಟ್ಟಿಗೆಗಳಡಿ ಮಲಗಿರುತ್ತದೆ, ಬುಟ್ಟಿಗಟ್ಟಲೆ ಒಟ್ಟಿಗೆ ಸಿಗುತ್ತದೆ. ಮಳೆ ಹಿಡಿದ ಮೇಲೆ ಜೆಸಿಬಿ ತಂದರೆ ಅದು ಆಗಲೇ ಕಾಂಪೌಂಡ್ ಹತ್ತಿರುತ್ತದೆ.

ಇತಿ,
ಕೈತೋಟದ ಕೃಷಿಕರೊಬ್ಬರು
ಮೈಸೂರು