ನೀರುಗಂಟಿಗೆ ಜ್ವರ ಬಂದರೆ ಊರಿಗೆ ನೀರಿಲ್ಲ

ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ ನಮಸ್ಕಾರ.

ಸರ್, ಹೋದ ಬೇಸಿಗೆಯಲ್ಲಿ ನಮ್ಮೂರ ನೀರುಗಂಟಿಗೆ, ಅಂದರೆ ಬೀದಿ ಬೀದಿಗೆ ನೀರು ಬಿಡುವವರಿಗೆ, ಜ್ವರ ಬಂತು. ಮೂರು ದಿನ ಊರಿಗೆ ನೀರಿಲ್ಲ. ಬೋರ್‌ವೆಲ್‌ನಲ್ಲಿ ನೀರಿತ್ತು, ಕರೆಂಟಿತ್ತು, ಓವರ್‌ಹೆಡ್ ಟ್ಯಾಂಕ್ ತುಂಬಿ ಚೆಲ್ಲುತ್ತಿತ್ತು. ಆದರೆ ಯಾವ ಬೀದಿಗೆ ಯಾವ ವಾಲ್ವ್ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಪಂಚಾಯಿತಿಯಲ್ಲಿ ಪೈಪ್‌ಲೈನಿನ ನಕ್ಷೆ ಕೇಳಿದರೆ ಸಿಗಲಿಲ್ಲ. ಕೊನೆಗೆ ಇಬ್ಬರು ಹುಡುಗರು ನೀರುಗಂಟಿಯನ್ನೇ ಬೈಕಿನ ನಡುವೆ ಕೂರಿಸಿಕೊಂಡು ಊರು ಸುತ್ತಿಸಿದರು. ಕಂಬಳಿ ಹೊದ್ದುಕೊಂಡೇ ಕೈ ತೋರಿಸಿದರು: "ಆ ಹುಣಸೇಮರದ ಬುಡದಲ್ಲಿ ಚಪ್ಪಡಿ ಸರಿಸ್ರಪ್ಪಾ. ಹನ್ನೊಂದು ಸುತ್ತು ತಿರುಗಿಸಿ. ಹನ್ನೆರಡಾದರೆ ಕೆಳಗಿನ ಕೇರಿಗೆ ನೀರು ಹತ್ತಲ್ಲ."

ಆ ಒಂದು ಸುತ್ತಿನ ಲೆಕ್ಕ ಯಾವ ಫೈಲಿನಲ್ಲೂ ಇಲ್ಲ ಸರ್.

2019ರ ಆಗಸ್ಟ್ 15ರಂದು, ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು 'ಮನೆ ಮನೆಗೆ ಗಂಗೆ' ಆಯಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನೋದು ಗುರಿ. ಒಳ್ಳೆ ಕೆಲಸ, ತಕರಾರಿಲ್ಲ. ನಮ್ಮಮ್ಮ ಬಿಂದಿಗೆ ಹೊತ್ತ ದೂರ ನನಗೆ ಗೊತ್ತು. ಆದರೆ ಮೊದಲು ಬೀದಿಗೊಂದು ನಲ್ಲಿ ಇತ್ತು, ಈಗ ಮನೆಗೊಂದು. ಪೈಪು ಜಾಸ್ತಿ, ಜಾಯಿಂಟು ಜಾಸ್ತಿ, ಸೋರೋದೂ ಜಾಸ್ತಿ. ನೋಡಿಕೊಳ್ಳೋಕೆ ಮಾತ್ರ ಅದೇ ಒಬ್ಬರು.

ಅವರ ಹೆಸರು ಬರೆಯೋಲ್ಲ, ಬರೆದರೆ ಅವರಿಗೇ ತೊಂದರೆ. ವಯಸ್ಸು ಐವತ್ತು ದಾಟಿದೆ. ಊರಿನ ಮೀಸೆ ಮೂಡದ ಹುಡುಗರೂ ಅವರನ್ನು ಏಕವಚನದಲ್ಲೇ ಕರೆಯೋದು. ಅಧ್ಯಕ್ಷರು, ಮೆಂಬರ್‌ಗಳು, ಪಿಡಿಒ, ಎಂಜಿನಿಯರ್, ನಲ್ಲಿ ಮುಂದೆ ಕೊಡ ಇಟ್ಟ ನಾವು, ಎಲ್ಲರೂ ಆರ್ಡರ್ ಮಾಡುವವರೇ. ಸಂಬಳ ಎಷ್ಟೋ ಸಲ ತಿಂಗಳುಗಟ್ಟಲೆ ತಡ. ಬೈಗುಳ ಮಾತ್ರ ಅವತ್ತವತ್ತೇ ಪಾವತಿ.

ಒಂದು ದಿನ ಅವರು ಬ್ಲೀಚಿಂಗ್ ಪೌಡರ್ ಕಲಸೋದನ್ನು ಹತ್ತಿರದಿಂದ ನೋಡಿದೆ. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು. ಅದು ಅವರಿಗೆ ಗೊತ್ತು. ಆದರೆ ಮೂಗಿಗೆ ಟವೆಲ್, ಕೈಗೆ ಏನೂ ಇಲ್ಲ. ಅಂಗೈ ಸುಲಿದು ಬೆಳ್ಳಗಾಗಿತ್ತು. ನಲ್ಲಿಯಲ್ಲಿ ಬರುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಾರೆ. ಅಳೆಯುವ ಕಿಟ್ ಪಂಚಾಯಿತಿಯ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಇನ್ಯಾರದೋ ಹತ್ತಿರ. ಅದನ್ನು ಬಳಸೋದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಇದು ಸಣ್ಣ ವಿಷಯವಲ್ಲ. ನೀರು ನಿಲ್ಲಿಸಿದಾಗ ಖಾಲಿ ಪೈಪು ಒಡಕಿನ ಮೂಲಕ ಚರಂಡಿ ನೀರನ್ನೂ ಎಳೆದುಕೊಳ್ಳುತ್ತದೆ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅದನ್ನು ಮರೆಯೋದು ಹೇಗೆ?

ಹಾಗಾಗಿ ಕೇಳುತ್ತಿದ್ದೇನೆ. ಯೋಜನೆ ಪಂಚಾಯಿತಿಗೆ ಹಸ್ತಾಂತರವಾಗುವಾಗ ಎಷ್ಟು ಮನೆಗೆ ನಲ್ಲಿ ಅಂತ ಎಣಿಸುವ ಹಾಗೆ, ನಡೆಸೋಕೆ ಎಷ್ಟು ಜನ ಅಂತಲೂ ಎಣಿಸಿ. ಅಷ್ಟು ಜನರ ನೇಮಕಕ್ಕೆ ಜಿಲ್ಲಾ ಪಂಚಾಯಿತಿಯ ಅನುಮೋದನೆ ಜೊತೆಯಲ್ಲೇ ಸಿಗಲಿ. ಅನುಮೋದನೆ ಇಲ್ಲದವರ ಸಂಬಳ ಊರಿನ ಕಂದಾಯ ವಸೂಲಿಯ ಮೇಲೆ ನೇತಾಡುತ್ತದೆ, ಆ ವಸೂಲಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ? ವಾರಕ್ಕೊಂದು ರಜೆ, ಕೈಗವಸು, ಎರಡು ದಿನದ ತರಬೇತಿ ಅಂಥ ದೊಡ್ಡ ಖರ್ಚೇನಲ್ಲ. ಕೆಲಸ ಹೇಳೋರೂ ಒಬ್ಬರೇ ಇರಲಿ. ವಾಲ್ವ್‌ಗಳ ನಕ್ಷೆಯನ್ನು ಅವರನ್ನೇ ಕೂರಿಸಿಕೊಂಡು ಬರೆಸಿ. ಸುತ್ತಿನ ಲೆಕ್ಕ ಸಮೇತ.

ಇನ್ನೊಂದು ಮಾತು. ಬೈಕಿನಲ್ಲಿ ಕರೆದುಕೊಂಡು ಹೋದ ಆ ಇಬ್ಬರಲ್ಲಿ ಒಬ್ಬ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲೇ ಇದ್ದ. ಆವತ್ತಿನಿಂದ ದಿನಾ ಬೆಳಗ್ಗೆ ವಾಲ್ವ್ ತಿರುಗಿಸೋ ಕಬ್ಬಿಣದ ಕೀ ಹೆಗಲಿಗೇರಿಸಿಕೊಂಡು ನೀರುಗಂಟಿ ಹಿಂದೆ ಹೋಗುತ್ತಿದ್ದಾನೆ. ಆರು ವಾಲ್ವ್ ಕಲಿತಿದ್ದಾನಂತೆ. ಇಲ್ಲಿಯವರೆಗೆ ಒಂದು ರೂಪಾಯಿ ಕೊಟ್ಟವರಿಲ್ಲ. ಅವನಿಗೆ ಬೇಸರ ಬಂದು ಬೆಂಗಳೂರು ಬಸ್ ಹತ್ತೋ ಮೊದಲು ಅವನ ಹೆಸರು ಹಾಜರಿ ಪುಸ್ತಕದಲ್ಲಿ ಸೇರುವಂತೆ ಮಾಡಿ ಸರ್.

ಇಂತಿ,
ಬಯಲುಸೀಮೆಯ ಒಂದು ಹಳ್ಳಿಯಿಂದ, ಕೆಳಗಿನ ಕೇರಿಯ ನಿವಾಸಿ