ಬಾಹ್ಯ ಬಲದ ಕಡತಗಳ ಮರುಪರಿಶೀಲನೆ: ಶುಕ್ರವಾರ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ದೇಹದ ಚಲನೆಯನ್ನು ವಿಶ್ಲೇಷಿಸುವ ತಂತ್ರಾಂಶವಾದ ಓಪನ್‌ಸಿಮ್‌ನಲ್ಲಿ ನಡಿಗೆ, ಓಟ ಅಥವಾ ಜಿಗಿತವನ್ನು ವಿಶ್ಲೇಷಿಸುತ್ತಿರುವ ಸದಸ್ಯರೆಲ್ಲರೂ ಸ್ನಾಯುಬಲದ ಲೆಕ್ಕಕ್ಕೆ ಹೋಗುವ ಮೊದಲು, ಅಂದರೆ ಶುಕ್ರವಾರ ಸಂಜೆಯೊಳಗೆ, ತಮ್ಮ ಬಾಹ್ಯ ಬಲದ ಕಡತವನ್ನು (ನೆಲವು ಪಾದಗಳ ಮೇಲೆ ಹಾಕುವ ಬಲದ ದಾಖಲೆ) ಮತ್ತೊಮ್ಮೆ ನೋಡಬೇಕೆಂದು ಕೋರುತ್ತೇನೆ. ಕೀಲುಗಳ ಕೋನಗಳನ್ನಷ್ಟೇ ಲೆಕ್ಕ ಹಾಕುವವರಿಗೆ ಇದು ಬೇಕಿಲ್ಲ.

ಮೊದಲು ಅಕ್ಷ ಮತ್ತು ಮಾನಗಳು. ಓಪನ್‌ಸಿಮ್‌ನಲ್ಲಿ ವೈ ಅಕ್ಷ ಮೇಲ್ಮುಖವಾಗಿದೆ. ಅನೇಕ ಪ್ರಯೋಗಾಲಯಗಳಲ್ಲಿ ಝಡ್ ಮೇಲ್ಮುಖ. ಮಾರ್ಕರ್‌ಗಳನ್ನು (ದೇಹಕ್ಕೆ ಅಂಟಿಸಿದ ಗುರುತುಗಳನ್ನು) ತಿರುಗಿಸಿದಂತೆಯೇ ಬಲ, ಒತ್ತಡ ಕೇಂದ್ರ (ಪಾದದ ಕೆಳಗೆ ಬಲ ತಾಗುವ ಬಿಂದು), ಟಾರ್ಕ್ (ತಿರುಗಿಸುವ ಪರಿಣಾಮ) ಮೂರನ್ನೂ ತಿರುಗಿಸಿ. ಒತ್ತಡ ಕೇಂದ್ರ ಮೀಟರ್‌ನಲ್ಲಿ, ಟಾರ್ಕ್ ನ್ಯೂಟನ್-ಮೀಟರ್‌ನಲ್ಲಿ ಇರಲಿ.

ಹೆಚ್ಚು ಎಚ್ಚರ ಬೇಕಾದದ್ದು ಮುಂದಿನ ಹಂತದಲ್ಲಿ. ಬಲ ಪ್ರಯೋಗವಾಗುವ ಅಂಗ ಆಯಾ ಪಾದದ ಹಿಮ್ಮಡಿ ಖಂಡ. ಆದರೆ ಫೋರ್ಸ್ ಪ್ಲೇಟ್ (ನೆಲದಲ್ಲಿರುವ ಬಲಮಾಪಕ ಫಲಕ) ಅಳೆದದ್ದು ನೆಲದ ಚೌಕಟ್ಟಿನಲ್ಲಿ. ಆದ್ದರಿಂದ ಬಲಕ್ಕೂ ಅದು ತಾಗುವ ಬಿಂದುವಿಗೂ ಚೌಕಟ್ಟನ್ನು ‘ಗ್ರೌಂಡ್’ ಎಂದೇ ನಮೂದಿಸಿ. ಅಲ್ಲಿ ಹಿಮ್ಮಡಿಯ ಹೆಸರು ಬರೆದರೆ ಬಲದ ದಿಕ್ಕು ಪಾದದ ಜೊತೆ ತಿರುಗುತ್ತದೆ, ತಂತ್ರಾಂಶ ದೋಷವನ್ನೂ ತೋರಿಸುವುದಿಲ್ಲ. ಎಡಗಾಲು, ಬಲಗಾಲು ಅದಲುಬದಲಾದರೂ ಹಾಗೆಯೇ, ಮೌನವಾಗಿ ತಪ್ಪು ಉತ್ತರ ಬರುತ್ತದೆ.

ನನಗೆ ಹೆಚ್ಚು ನಂಬಿಕೆಯಿರುವ ಪರೀಕ್ಷೆ ಇದು: ನಿಶ್ಚಲವಾಗಿ ನಿಂತಾಗ ಎರಡೂ ಪಾದಗಳ ಲಂಬ ಬಲದ ಮೊತ್ತ ಧನಾತ್ಮಕವಾಗಿದ್ದು ದೇಹತೂಕಕ್ಕೆ ಸಮನಾಗಿರಬೇಕು, 60 ಕಿಲೋಗ್ರಾಂ ವ್ಯಕ್ತಿಗೆ ಸುಮಾರು 589 ನ್ಯೂಟನ್. ಬಳಿಕ ಚಲನೆಯನ್ನು ಓಡಿಸಿ, ಬಲ ತೋರಿಸುವ ಬಾಣಗಳು ಅಡಿಪಾದದಿಂದ ಮೇಲೇಳುತ್ತಿವೆಯೇ ನೋಡಿ. ಹಿಮ್ಮಡಿ ತಾಗುವ ಮತ್ತು ಬೆರಳು ಬಿಡುವ ಕ್ಷಣಗಳಲ್ಲಿ ಬಲ ಅತ್ಯಲ್ಪವಾಗಿರುವುದರಿಂದ ಒತ್ತಡ ಕೇಂದ್ರ ಅಡ್ಡಾದಿಡ್ಡಿ ಜಿಗಿಯಬಹುದು, ಅದನ್ನು ಸರಿಪಡಿಸಿ. ಎರಡೂ ಪಾದ ಒಂದೇ ಪ್ಲೇಟ್ ಮೇಲೆ ಬಿದ್ದ ಹೆಜ್ಜೆಗಳನ್ನು ದಯವಿಟ್ಟು ಕೈಬಿಡಿ.

ಪರಿಶೀಲಿಸಿದವರು ‘ಆಯಿತು’ ಎಂದು ಇಲ್ಲಿಯೇ ತಿಳಿಸಿ. ಸೊಂಟದಲ್ಲಿ ಉಳಿಕೆ ಬಲ (ಚಲನೆಗೂ ಅಳೆದ ಬಲಕ್ಕೂ ತಾಳೆಯಾಗದೆ ಉಳಿದದ್ದು) ದೊಡ್ಡದಾಗಿ ಕಾಣುತ್ತಿದ್ದರೆ ಅದರ ನಕ್ಷೆಯನ್ನೂ ಹಾಕಿ, ಜೊತೆಯಾಗಿ ನೋಡೋಣ.